ಕ್ರುಷಿಯಲ್ ಬ್ಯಾಲಿಸ್ಟಿಕ್ಸ್ 3600: ಕಲಬುರಗಿಯ ಬೇಸಿಗೆಗಳನ್ನು ದಾಟಿದ ರ‍್ಯಾಮ್

ಮದುವೆ ಫೋಟೊ, ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಊರು ಕಲಬುರಗಿ. ಸಿಸ್ಟಮ್‌ನಲ್ಲಿರುವುದು ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಜೊತೆಗೆ ಕ್ರುಷಿಯಲ್ ಬ್ಯಾಲಿಸ್ಟಿಕ್ಸ್ ಡಿಡಿಆರ್4-3600 ಸಿಎಲ್16, 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್. ಬ್ಯಾಲಿಸ್ಟಿಕ್ಸ್ ಸಾಲನ್ನು ಕ್ರುಷಿಯಲ್‌ನ ಮಾತೃಸಂಸ್ಥೆ ಮೈಕ್ರಾನ್ 2022ರಲ್ಲಿ ನಿಲ್ಲಿಸಿತು. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಉಳಿದಿದ್ದ ಸ್ಟಾಕ್‌ನಿಂದ ತಂದದ್ದು. ಈಗ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಡಿಡಿಆರ್4ನಲ್ಲಿ ಬೇರೆ ಕಂಪನಿಯದ್ದು ಕೊಳ್ಳುವವರಿಗೂ ಲೆಕ್ಕ ಇದೇ.

ಮೊದಲು ಡಬ್ಬದ ಮೇಲಿನ ಅಂಕಿಯ ವಿಷಯ. 3600 ಅಂತ ಬರೆದಿದ್ದರೂ ಸ್ಟಿಕ್ ಹಾಕಿದ ಕೂಡಲೇ ಆ ವೇಗ ಬರುವುದಿಲ್ಲ. ಬೋರ್ಡ್ ಮೊದಲು ಜೆಡೆಕ್ (ಮೆಮೊರಿಗೆ ಮಾನದಂಡ ರೂಪಿಸುವ ಸಂಸ್ಥೆ) ಹೇಳಿದ ಸುರಕ್ಷಿತ ವೇಗದಲ್ಲೇ ಶುರುವಾಗುತ್ತದೆ, ಡಿಡಿಆರ್4ಗೆ ಸಾಮಾನ್ಯವಾಗಿ 2133 ಅಥವಾ 2666. ಬಯಾಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ಸ್ಟಿಕ್‌ನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಪ್ರೊಫೈಲ್ ಆನ್ ಮಾಡಿದ ಮೇಲೆಯೇ 3600, 16-18-18-38 ಟೈಮಿಂಗ್ (ಕಾಯುವ ಸೈಕಲ್‌ಗಳ ಲೆಕ್ಕ), 1.35 ವೋಲ್ಟ್ ಮೂರೂ ಒಟ್ಟಿಗೆ ಬರುತ್ತವೆ. ಜೆಡೆಕ್ ಪ್ರಕಾರ ಡಿಡಿಆರ್4ನ ವೋಲ್ಟೇಜ್ 1.2. ಅಂದರೆ ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕಿಂಗೇ (ಮಾನದಂಡ ಮೀರಿ ಓಡಿಸುವುದು), ಕಂಪನಿಯವರೇ ಪರೀಕ್ಷಿಸಿ ಕೊಟ್ಟದ್ದು ಅಷ್ಟೆ. ಈ ಪ್ರೊಸೆಸರ್‌ಗೆ ಎಎಂಡಿ ಅಧಿಕೃತವಾಗಿ ಹೇಳಿರುವ ಮಿತಿ 3200. ಅಸೆಂಬಲ್ ಮಾಡಿಕೊಡುವ ಎಷ್ಟೋ ಅಂಗಡಿಗಳು ಎಕ್ಸ್‌ಎಂಪಿ ಹಾಕದೆ ಮನೆಗೆ ಕಳಿಸುತ್ತವೆ. ಗ್ರಾಹಕ ದುಡ್ಡು ಕೊಟ್ಟದ್ದು 3600ಕ್ಕೆ, ಮನೆಯಲ್ಲಿ ವರ್ಷಗಟ್ಟಲೆ ಓಡುವುದು 2666. ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಸ್ಪೀಡ್ ಎಷ್ಟಿದೆ ಅಂತ ಇವತ್ತೇ ನೋಡಿಕೊಳ್ಳಿ. ಹಾರ್ಡ್‌ವೇರ್ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ 1800 ಕಂಡರೆ ಗಾಬರಿ ಬೇಡ, ಅದು ನಿಜವಾದ ಗಡಿಯಾರದ ವೇಗ. ಡಿಡಿಆರ್‌ನಲ್ಲಿ ಒಂದು ಸೈಕಲ್‌ಗೆ ಎರಡು ಸಲ ಡೇಟಾ ಸಾಗುವುದರಿಂದ 3600 ಆಗುತ್ತದೆ. ಹಾಗಾಗಿ 3600 ಮೆಗಾಹರ್ಟ್ಸ್ ಅನ್ನುವುದಕ್ಕಿಂತ ಮೆಗಾಟ್ರಾನ್ಸ್‌ಫರ್ ಅನ್ನುವುದೇ ಸರಿ.

ಇನ್ನು ಸಿಎಲ್. ಪ್ರೊಸೆಸರ್ ಕೇಳಿದ ಮೇಲೆ ಡೇಟಾ ಹೊರಡಲು ಎಷ್ಟು ಸೈಕಲ್ ಕಾಯಬೇಕು ಅನ್ನುವ ಅಂಕಿ ಅದು. ಜನ ಎಡವುವುದು ಇಲ್ಲಿಯೇ. ಮಗುವಿನ ಹದಿನಾರು ಹೆಜ್ಜೆಯೂ ದೊಡ್ಡವರ ಹದಿನಾರು ಹೆಜ್ಜೆಯೂ ಒಂದೇ ದೂರವಲ್ಲ. ವೇಗ ಹೆಚ್ಚಿದಂತೆ ಒಂದೊಂದು ಸೈಕಲ್ ಚಿಕ್ಕದಾಗುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೊ ಸೆಕೆಂಡ್‌ನಲ್ಲಿ ಸಿಗುತ್ತದೆ. 2666 ಸಿಎಲ್19 ಅಂದರೆ 14.25. 3200 ಸಿಎಲ್16 ಅಂದರೆ 10. 3600 ಸಿಎಲ್18 ಅಂದರೂ 10! ನಮ್ಮ ಈ ಕಿಟ್‌ಗೆ 8.9. ಅಂಗಡಿಯಲ್ಲಿ 3600 ಸಿಎಲ್18 ತೋರಿಸಿ "3200ಕ್ಕಿಂತ ಫಾಸ್ಟ್ ಸರ್" ಅಂದರೆ ಅದು ಅರ್ಧ ಮಾತ್ರ ನಿಜ. ಒಟ್ಟಿಗೆ ಸಾಗಿಸುವ ಡೇಟಾ ಹೆಚ್ಚು, ಮೊದಲ ಡೇಟಾ ಸಿಗುವ ಹೊತ್ತು ಮಾತ್ರ ಅಷ್ಟೇ. ಸಾಗಣೆಯ ಲೆಕ್ಕ ಇನ್ನೂ ಸುಲಭ: ಪ್ರತಿ ಚಾನೆಲ್ (ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಡೇಟಾ ಸಾಗುವ ದಾರಿ) 8 ಬೈಟ್ ಅಗಲ, ಆದ್ದರಿಂದ 3600ಕ್ಕೆ ಸೆಕೆಂಡಿಗೆ 28.8 ಜಿಬಿ, ಎರಡು ಚಾನೆಲ್ ಸೇರಿ 57.6. ಒಂದೇ ಸ್ಟಿಕ್ ಹಾಕಿದರೆ ಅದರಲ್ಲಿ ಅರ್ಧ ಹೋಯಿತು. ಎರಡು ಸ್ಟಿಕ್ ಹಾಕುವಾಗ ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಹಾಕಬೇಕು.

ಕೆಲಸದಲ್ಲಿ ಎಷ್ಟು ಫರಕು? ಲೈಟ್‌ರೂಮ್ ಎಕ್ಸ್‌ಪೋರ್ಟ್‌ನಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅಲ್ಲಿ ಪ್ರೊಸೆಸರ್ ಕೋರ್‌ಗಳದ್ದೇ ಕೆಲಸ. ಆಲ್ಬಮ್ ತಿರುವುವಾಗ ತಡೆತಡೆದು ನಿಲ್ಲುವುದು ಕಡಿಮೆಯಾಯಿತು. ಮಗ ಆಡುವ ಗೇಮ್‌ಗಳಲ್ಲಿ ಮಾತ್ರ ಸ್ಪಷ್ಟ ಗೊತ್ತಾಗುತ್ತದೆ: ಸರಾಸರಿ ಫ್ರೇಮ್‌ಗಿಂತ ನಡುನಡುವೆ ಬರುತ್ತಿದ್ದ ಜರ್ಕ್ ಕಡಿಮೆಯಾದದ್ದು ದೊಡ್ಡ ಲಾಭ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 5600ಜಿಯಂಥ ಪ್ರೊಸೆಸರ್ ಬಳಸುವವರಿಗೆ ಇದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆ, ಯಾಕಂದರೆ ಅಲ್ಲಿ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್.

3600ಕ್ಕೇ ಯಾಕೆ ನಿಲ್ಲಬೇಕು ಅಂತ ಕೇಳುವವರಿದ್ದಾರೆ. ರೈಜನ್ ಒಳಗೆ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಒಂದು ದಾರಿ ಇದೆ. ಮೆಮೊರಿ, ಮೆಮೊರಿ ಕಂಟ್ರೋಲರ್, ಫ್ಯಾಬ್ರಿಕ್ ಮೂರೂ 1800ರಲ್ಲಿ ಸಮಸಮ ಓಡುವುದು 3600ಕ್ಕೆ. ಇದಕ್ಕಿಂತ ಮೇಲೆ ಕೆಲವು ಪ್ರೊಸೆಸರ್‌ಗಳು 1900 ತಡೆದುಕೊಳ್ಳುತ್ತವೆ, ಎಲ್ಲವೂ ಅಲ್ಲ. 4000 ಹಾಕಿದರೆ ಬಹಳಷ್ಟು ಬೋರ್ಡ್‌ಗಳು ಕಂಟ್ರೋಲರ್ ಅನ್ನು ಅರ್ಧ ವೇಗಕ್ಕೆ ಇಳಿಸುತ್ತವೆ. ಆಗ ಅಂಕಿ ದೊಡ್ಡದಾಗಿ ಕಾಣುತ್ತದೆ, ಕಾಯುವ ಹೊತ್ತೂ ಹೆಚ್ಚುತ್ತದೆ.

ನನ್ನ ಕಿಟ್ ಚಳಿಗಾಲದಲ್ಲಿ 3800 ಸಿಎಲ್16ರಲ್ಲಿ ಎಲ್ಲ ಪರೀಕ್ಷೆ ಪಾಸಾಯಿತು. ಏಪ್ರಿಲ್ ಬಂತು, ಹೊರಗೆ ನಲವತ್ತು ದಾಟಿತು, ಎಸಿ ಇಲ್ಲದ ಕೋಣೆಯಲ್ಲಿ ಅದೇ ಸೆಟ್ಟಿಂಗ್‌ಗೆ ರ‍್ಯಾಮ್ ಪರೀಕ್ಷಿಸುವ ಟೆಸ್ಟ್‌ಮೆಮ್5 ಎರರ್ ತೋರಿಸತೊಡಗಿತು. ಇದು ರ‍್ಯಾಮ್‌ನ ದೋಷವಲ್ಲ, ಕಂಪನಿ ಮಾತು ಕೊಟ್ಟದ್ದು 3600ಕ್ಕೆ. ಮೆಮೊರಿ ಕೋಶದೊಳಗಿನ ವಿದ್ಯುದಾವೇಶ ಸದಾ ಸೋರುತ್ತಿರುತ್ತದೆ, ಅದನ್ನು ಮತ್ತೆ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಬೇಗ. ಚಿಪ್ 85 ಡಿಗ್ರಿ ದಾಟಿದರೆ ರಿಫ್ರೆಶ್ ಎರಡರಷ್ಟು ಬಾರಿ ಮಾಡಬೇಕು ಅನ್ನುವುದು ಜೆಡೆಕ್ ನಿಯಮ. ಅಷ್ಟು ಬಿಸಿ ಆಗದಿದ್ದರೂ ಟೈಮಿಂಗ್ ಬಿಗಿ ಮಾಡಿದಾಗ ಉಳಿದಿರುವ ಅಂಚು ತೀರ ತೆಳು. ಮರಳಿ 3600ಕ್ಕೆ ತಂದ ಮೇಲೆ ಅದೇ ಸೆಖೆಯಲ್ಲಿ ಒಂದು ಎರರೂ ಇಲ್ಲ. 3600ರ 8.9ಕ್ಕೂ 3800ರ 8.4ಕ್ಕೂ ಎಷ್ಟು ಮಹಾ ಅಂತರ? ಅರ್ಧ ನ್ಯಾನೊ ಸೆಕೆಂಡ್‌ಗಾಗಿ ಒಬ್ಬರ ಮದುವೆಯ ಫೋಟೊಗಳನ್ನು ಪಣಕ್ಕೆ ಇಡುವುದು ನನ್ನಿಂದಾಗದು.

ಪಣ ಅಂದದ್ದು ಸುಮ್ಮನೆ ಅಲ್ಲ. ರ‍್ಯಾಮ್ ಎರರ್ ಅಂದರೆ ಯಾವಾಗಲೂ ನೀಲಿ ಪರದೆಯೇ ಬರಬೇಕೆಂದಿಲ್ಲ. ಒಂದು ಬಿಟ್ ತಿರುಗಿ ಕಾಪಿಯಾಗುವ ಫೈಲ್ ಸದ್ದಿಲ್ಲದೆ ಕೆಡಬಹುದು, ಕೆಟ್ಟದ್ದೇ ಬ್ಯಾಕಪ್‌ಗೂ ಹೋಗಬಹುದು. ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್‌ನಲ್ಲಿ ಇದನ್ನು ಹಿಡಿಯುವ ಇಸಿಸಿ (ತಪ್ಪು ಹಿಡಿದು ತಿದ್ದುವ ವ್ಯವಸ್ಥೆ) ಇರುವುದಿಲ್ಲ. ಆದ್ದರಿಂದ ಎಕ್ಸ್‌ಎಂಪಿ ಹಾಕಿದ ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ, ಬೇಸಿಗೆಯ ಮಧ್ಯಾಹ್ನ ಇನ್ನೊಮ್ಮೆ ಓಡಿಸಿ. ಸೊನ್ನೆ ಎರರ್ ಬಿಟ್ಟು ಬೇರೆ ಯಾವ ಅಂಕಿಯೂ ಒಪ್ಪಿತವಲ್ಲ. ಬೂಟ್ ಆಗದೆ ನಿಂತರೆ ಸಾಮಾನ್ಯವಾಗಿ ಬೋರ್ಡ್ ತಾನೇ ಹಳೆಯ ವೇಗಕ್ಕೆ ಮರಳುತ್ತದೆ. ಇಲ್ಲದಿದ್ದರೆ ಪವರ್ ಕೇಬಲ್ ಕಿತ್ತು ಸಿಮಾಸ್ ಕ್ಲಿಯರ್ ಮಾಡಿ (ಬಯಾಸ್ ಸೆಟ್ಟಿಂಗ್ ಅಳಿಸಿ).

ಇಂಟೆಲ್ ಕಡೆಯವರು ಬೋರ್ಡ್ ನೋಡಿ ಕೊಳ್ಳಿ. ಎಚ್610ರಂಥ ಬೋರ್ಡ್‌ನಲ್ಲಿ ಮೆಮೊರಿ ಓವರ್‌ಕ್ಲಾಕಿಂಗ್ ಇಲ್ಲ, ಅದಕ್ಕೆ 3600 ಕಿಟ್ ಹಾಕಿದರೆ ಹೆಚ್ಚುವರಿ ದುಡ್ಡು ವ್ಯರ್ಥ. ಹಳೆಯ ಸ್ಟಿಕ್ ಜೊತೆ ಬೇರೆ ಕಿಟ್ ಬೆರೆಸುವುದನ್ನೂ ನಾನು ಶಿಫಾರಸು ಮಾಡುವುದಿಲ್ಲ.

ಎಎಂ4 (ನನ್ನ 5600 ಕೂರುವ ಸಾಕೆಟ್) ಸಿಸ್ಟಮ್ ಇರುವವರಿಗೆ ಸರಿಯಾದ ಬೆಲೆಗೆ ಈ ಕಿಟ್ ಸಿಕ್ಕರೆ ತೆಗೆದುಕೊಳ್ಳಿ, ಐದಕ್ಕೆ ಐದು ಸ್ಟಾರ್. ಹೊಸದಾಗಿ ಎಎಂಡಿಯ ಮುಂದಿನ ಸಾಕೆಟ್ ಎಎಂ5 ಕಟ್ಟುವವರು ಡಿಡಿಆರ್5-6000 ಸಿಎಲ್30, ಎಕ್ಸ್‌ಪೋ (ಎಕ್ಸ್‌ಎಂಪಿಯಂಥದ್ದೇ, ಎಎಂಡಿಯದ್ದು) ಪ್ರೊಫೈಲ್ ಇರುವುದನ್ನು ನೋಡಿ. ಅದನ್ನು ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್ (ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳುವುದು) ನಡೆಯುತ್ತದೆ, ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಕೆಟ್ಟಿತೆಂದು ಸ್ವಿಚ್ ಆಫ್ ಮಾಡಬೇಡಿ, ಯುಪಿಎಸ್ ಇದ್ದರೆ ಅದರ ಮೇಲೆಯೇ ಹಾಕಿ ಕಾಯಿರಿ.