ಏಪ್ರಿಲ್‌ನ ಅಂಕಪಟ್ಟಿ: ಲೆಕ್ಕ ಸರಿ, ಮಾತು ಹೆಚ್ಚು

ನಾವು ಹನ್ನೆರಡು ಮಂದಿ ಸ್ನೇಹಿತರು ನಡೆಸುತ್ತಿರುವ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಇದು ಆರನೆಯ ಸೀಸನ್. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರು ಮೈದಾನದಲ್ಲಿ ಗಳಿಸುವ ಅಂಕಿಗಳಿಂದ ಸ್ಪರ್ಧಿಸುವ ಆಟ ಅದು. ಆರೂ ವರ್ಷ ಒಂದೇ ಆನ್‌ಲೈನ್ ಸೇವೆಯನ್ನು ಬಳಸುತ್ತ ಬಂದಿದ್ದೇವೆ. ಡ್ರಾಫ್ಟ್ ನಡೆಸುವುದು (ಅಂದರೆ ಸೀಸನ್ನಿಗೆ ಮುನ್ನ ಆಟಗಾರರನ್ನು ಹಂಚಿಕೊಳ್ಳುವುದು), ಆಟಗಾರರನ್ನು ಕೊಟ್ಟು ತೆಗೆದುಕೊಳ್ಳುವುದು, ಪರಸ್ಪರ ಕಾಲೆಳೆಯುವುದು ಎಲ್ಲವೂ ಅದರಲ್ಲಿಯೇ. ಇಲ್ಲಿ ನಾನು ವಿಮರ್ಶಿಸಲು ಹೊರಟಿರುವುದು ಆ ಸೇವೆಯ ಒಂದೇ ಒಂದು ಪುಟವನ್ನು, ಅಂದರೆ ನಾವೆಲ್ಲರೂ ದಿನಕ್ಕೆ ಹತ್ತು ಸಲ ತೆರೆದು ನೋಡುವ ಅಂಕಪಟ್ಟಿಯನ್ನು. ಅದರಲ್ಲಿಯೂ ಸೀಸನ್ನಿನ ಮೊದಲ ಮೂರು ವಾರಗಳಲ್ಲಿ ಅದು ನಡೆದುಕೊಳ್ಳುವ ಬಗೆಯನ್ನು. ಈ ಹೊತ್ತಿಗೆ ಅಮೆರಿಕದ ಅಗ್ರ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಪ್ರತಿಯೊಂದು ತಂಡವೂ 162 ಪಂದ್ಯಗಳಲ್ಲಿ ಹೆಚ್ಚುಕಡಿಮೆ ಇಪ್ಪತ್ತನ್ನು ಆಡಿ ಮುಗಿಸಿದೆ, ಎಂದರೆ ಎಂಟರಲ್ಲಿ ಒಂದು ಪಾಲು. ಆದರೆ ಪುಟವನ್ನು ತೆರೆದವರಿಗೆ ಉಳಿದ ಏಳು ಪಾಲು ಬಾಕಿ ಇದೆ ಎಂಬ ಸುಳಿವು ಎಲ್ಲಿಯೂ ಸಿಗುವುದಿಲ್ಲ. ನನ್ನ ಮುಖ್ಯ ತಕರಾರು ಇದೇ.

ನಮ್ಮದು ರೊಟಿಸರಿ ಮಾದರಿಯ ಲೀಗು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ಆರಂಭಿಸಿದ ಆಟ ಇದು. ಅವರು ಊಟಕ್ಕೆ ಸೇರುತ್ತಿದ್ದ ನ್ಯೂಯಾರ್ಕಿನ ಲಾ ರೊಟಿಸರಿ ಫ್ರಾನ್ಸೇಸ್ ಎಂಬ ಹೋಟೆಲಿನಿಂದ ಈ ಹೆಸರು ಬಂದಿತು. ಆರಂಭದಲ್ಲಿ ಆಟಗಾರರ ಅಂಕಿಅಂಶಗಳ ಎಂಟು ವಿಭಾಗಗಳಿದ್ದವು, ಮುಂದೆ ಬ್ಯಾಟರ್‌ಗಳ ರನ್ ಮತ್ತು ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಸ್ಟ್ರೈಕ್‌ಔಟ್ ಸೇರಿ ಹತ್ತಾದವು. ಹನ್ನೆರಡು ತಂಡಗಳ ಲೀಗಿನಲ್ಲಿ ಒಂದು ವಿಭಾಗದಲ್ಲಿ ಮೊದಲು ಬಂದವರಿಗೆ 12 ಅಂಕ, ಕೊನೆಗೆ ಬಂದವರಿಗೆ 1. ಹತ್ತೂ ವಿಭಾಗಗಳಲ್ಲಿ ಮೊದಲಿಗರಾದರೆ 120. ಸಮನಾದವರು ತಮ್ಮ ಸ್ಥಾನಗಳ ಅಂಕಗಳನ್ನು ಕೂಡಿಸಿ ಸಮವಾಗಿ ಹಂಚಿಕೊಳ್ಳುತ್ತಾರೆ. ಇಲ್ಲಿ ಅಂಕ ಸಿಗುವುದು ಎಷ್ಟು ಗಳಿಸಿದಿರಿ ಎಂಬುದಕ್ಕಲ್ಲ, ಎಷ್ಟು ಮಂದಿಯನ್ನು ಹಿಂದೆ ಹಾಕಿದಿರಿ ಎಂಬುದಕ್ಕೆ. ಸೆಪ್ಟೆಂಬರಿನಲ್ಲಿ ಈ ಪದ್ಧತಿ ಬಹಳ ನ್ಯಾಯವಾದದ್ದು. ಏಪ್ರಿಲ್‌ನಲ್ಲಿ ಅದು ಹುಚ್ಚು ಹೊಳೆ.

ಮೊದಲು ಸೇವೆಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಲೆಕ್ಕದಲ್ಲಿ ತಪ್ಪಿಲ್ಲ. ಆರು ವರ್ಷಗಳಲ್ಲಿ ನಾನು ಹಲವು ಸಲ ಕೈಯಿಂದಲೇ ಕೂಡಿ ನೋಡಿದ್ದೇನೆ, ಅರ್ಧ ಅಂಕದ ವ್ಯತ್ಯಾಸವೂ ಕಂಡಿಲ್ಲ. ಪಂದ್ಯ ನಡೆಯುತ್ತಿರುವಾಗಲೇ ಅಂಕಗಳು ಬದಲಾಗುತ್ತವೆ. ಮೈದಾನದಲ್ಲಿ ಓಟಗಾರ ಎರಡನೆಯ ಬೇಸಿನ ಧೂಳನ್ನು ಒರೆಸಿಕೊಳ್ಳುವಷ್ಟರಲ್ಲಿ ನನ್ನ ಸಾಲಿನಲ್ಲಿ ಒಂದು ಸ್ಟೀಲ್ (ಪಿಚರ್ ಚೆಂಡೆಸೆಯುವಷ್ಟರಲ್ಲಿ ಓಡಿ ಮುಂದಿನ ಬೇಸನ್ನು ಕದಿಯುವುದು) ಸೇರಿರುತ್ತದೆ. ಆ ಮೊದಲ ಗೆಳೆಯರ ಗುಂಪು ಪತ್ರಿಕೆಗಳ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಕೈಯಿಂದ ಲೆಕ್ಕ ಹಾಕುತ್ತಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಮಾತಲ್ಲ. ಆದರೆ ಆ ನಿಧಾನದಲ್ಲಿ ಒಂದು ರಕ್ಷಣೆಯೂ ಇತ್ತೆಂದು ನನಗೆ ಈಗ ಅನ್ನಿಸುತ್ತದೆ. ಲೆಕ್ಕ ತಡವಾಗಿ ಬಂದಷ್ಟೂ ಅವಸರದ ತೀರ್ಮಾನಗಳು ಕಡಿಮೆಯಾಗುತ್ತಿದ್ದಿರಬೇಕು.

ಎರಡನೆಯ ವಾರದ ಒಂದು ರಾತ್ರಿ ನಡೆದುದನ್ನು ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಸ್ಟೀಲ್ ವಿಭಾಗದಲ್ಲಿ ಒಬ್ಬರ ಬಳಿ 17, ಇನ್ನೊಬ್ಬರ ಬಳಿ 16 ಇದ್ದವು. ಅವರ ಕೆಳಗೆ ನಾಲ್ಕು ತಂಡಗಳು 12ರಲ್ಲಿ ಸಮನಾಗಿ ನಿಂತು ತಲಾ 8.5 ಅಂಕ ಪಡೆದಿದ್ದವು. ನಾನು ಮತ್ತು ಇನ್ನೊಬ್ಬ ಗೆಳೆಯ 11ರಲ್ಲಿದ್ದು ತಲಾ 5.5 ಪಡೆದಿದ್ದೆವು. ಆ ರಾತ್ರಿ ನನ್ನ ಎರಡನೆಯ ಬೇಸ್‌ಮನ್ ಒಂದೇ ಪಂದ್ಯದಲ್ಲಿ ಎರಡು ಸ್ಟೀಲ್ ಮಾಡಿದ. 13ಕ್ಕೆ ಏರಿದ ನಾನು ಒಬ್ಬಂಟಿಯಾಗಿ ಮೂರನೆಯ ಸ್ಥಾನಕ್ಕೆ ಬಂದು 10 ಅಂಕ ಪಡೆದೆ. ಅತ್ತ ಆ ನಾಲ್ಕು ತಂಡಗಳು ಏನೂ ತಪ್ಪು ಮಾಡದೆಯೇ ತಲಾ ಒಂದು ಅಂಕ ಕಳೆದುಕೊಂಡವು. ನನ್ನ ಒಟ್ಟು 63ರಿಂದ 67.5ಕ್ಕೆ ಹಾರಿತು, ಒಟ್ಟಾರೆ ಸ್ಥಾನ ಏಳರಿಂದ ನಾಲ್ಕಕ್ಕೆ. ಪುಟ ಇದನ್ನು ದಪ್ಪನೆಯ ಹಸಿರು ಬಾಣದಿಂದ ಆಚರಿಸಿತು. ಮರುದಿನ ಬೆಳಿಗ್ಗೆ ಗೆಳೆಯನೊಬ್ಬ, ‘ಏನಪ್ಪಾ, ಭಾರಿ ಫಾರ್ಮಿನಲ್ಲಿದ್ದೀಯ’ ಎಂದು ಸಂದೇಶ ಕಳುಹಿಸಿದ. ನಾನು ಮಾಡಿದ್ದಾದರೂ ಏನು? ಬೆಂಚಿನಲ್ಲಿ ಕೂರಿಸಬೇಕೆಂದಿದ್ದ ಆಟಗಾರನನ್ನು ಕೂರಿಸಲು ಮರೆತಿದ್ದೆ, ಅಷ್ಟೆ.

ಈ ವಿಭಾಗದ ಬಗ್ಗೆ ಇನ್ನೊಂದು ಮಾತು. 2023ರಲ್ಲಿ ಬೇಸುಗಳ ಅಳತೆಯನ್ನು 15 ಇಂಚಿನಿಂದ 18 ಇಂಚಿಗೆ ಹಿಗ್ಗಿಸಿ, ಓಟಗಾರನನ್ನು ತಡೆಯಲು ಪಿಚರ್ ಬೇಸಿನತ್ತ ಎಸೆಯುವುದಕ್ಕೂ ಮಿತಿ ಹೇರಿದ ಮೇಲೆ ಇಡೀ ಮೇಜರ್ ಲೀಗ್‌ನ ಸ್ಟೀಲ್‌ಗಳು ಹಿಂದಿನ ವರ್ಷದ 2,486ರಿಂದ 3,503ಕ್ಕೆ ಏರಿದವು. ಮೊದಲು ಒಂದೇ ರಾತ್ರಿಯಲ್ಲಿ ಎರಡು ಸ್ಟೀಲ್ ಸಿಕ್ಕರೆ ಅದು ಅಪರೂಪದ ಅದೃಷ್ಟ. ಈಗ ಅದು ವಾರಕ್ಕೊಮ್ಮೆ ಯಾರಿಗಾದರೂ ಒದಗುತ್ತದೆ. ಹೀಗಾಗಿ ಏಪ್ರಿಲ್‌ನಲ್ಲಿ ಈ ಕಾಲಮ್ಮಿನ ಏರಿಳಿತ ಹಿಂದೆಂದಿಗಿಂತಲೂ ಹೆಚ್ಚು, ಅದರ ಅರ್ಥ ಅಷ್ಟೇ ಕಡಿಮೆ.

ಪಿಚರ್‌ಗಳ ಇಆರ್‌ಎ ವಿಭಾಗದ ಕತೆ ಇನ್ನೂ ಕರುಣಾಜನಕ. ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟರು ಎಂಬ ಲೆಕ್ಕ ಅದು. ಲೀಗಿನ ಅಗ್ರಸ್ಥಾನದಲ್ಲಿದ್ದ ಗೆಳೆಯನ ತಂಡ 60 ಇನಿಂಗ್ಸ್‌ಗಳಲ್ಲಿ 20 ರನ್ ಕೊಟ್ಟು 3.00ರಲ್ಲಿತ್ತು. ಅವನ ಒಬ್ಬ ಪಿಚರ್ ಒಂದು ಸಂಜೆ ಒಬ್ಬನೇ ಒಬ್ಬ ಬ್ಯಾಟರ್‌ನನ್ನು ಔಟ್ ಮಾಡುವಷ್ಟರಲ್ಲಿ 7 ರನ್ ಬಿಟ್ಟುಕೊಟ್ಟು ಹೊರನಡೆದ. ತಂಡದ ಇಆರ್‌ಎ ಕೂಡಲೇ 4.03 ಆಯಿತು, ಎರಡನೆಯ ಸ್ಥಾನದಿಂದ ಹತ್ತನೆಯ ಸ್ಥಾನಕ್ಕೆ ಜಾರಿ ಎಂಟು ಅಂಕ ಹೋಯಿತು. ಇದೇ ಅನಾಹುತ ಸೆಪ್ಟೆಂಬರಿನಲ್ಲಿ, 1,200 ಇನಿಂಗ್ಸ್ ಮುಗಿದ ಮೇಲೆ ನಡೆದಿದ್ದರೆ 3.00 ಇದ್ದದ್ದು 3.05 ಆಗುತ್ತಿತ್ತು, ಬಹುಶಃ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಪುಟದಲ್ಲಿ ಮಾತ್ರ ಎರಡೂ ಸಂದರ್ಭಗಳಿಗೆ ಒಂದೇ ಅಕ್ಷರ, ಒಂದೇ ಬಣ್ಣ, ಒಂದೇ ಗಾಂಭೀರ್ಯ. ಇನಿಂಗ್ಸ್‌ಗಳ ಸಂಖ್ಯೆಯನ್ನು ಪಕ್ಕದಲ್ಲೇ ಸಣ್ಣದಾಗಿ ಅಚ್ಚು ಹಾಕಿದ್ದರೂ ಓದುವವರು ತಾವೇ ತೂಗಿ ನೋಡುತ್ತಿದ್ದರು. ಆ ಸಂಖ್ಯೆ ಇರುವುದು ಮೂರು ಕ್ಲಿಕ್‌ಗಳಾಚೆ, ಬೇರೊಂದು ಪುಟದಲ್ಲಿ.

ಆರಂಭಶೂರರು ಬೇಸ್‌ಬಾಲ್‌ಗೆ ಹೊಸಬರಲ್ಲ. 2006ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ ಕ್ರಿಸ್ ಶೆಲ್ಟನ್ 10 ಹೋಮ್ ರನ್ ಹೊಡೆದರು. ಜುಲೈ ಮುಗಿಯುವ ಹೊತ್ತಿಗೆ ಅವರನ್ನು ಕೆಳಹಂತದ ಮೈನರ್ ಲೀಗ್‌ಗೆ ಕಳುಹಿಸಲಾಯಿತು, ವರ್ಷದ ಒಟ್ಟು 16ಕ್ಕೇ ನಿಂತಿತು. ಇನ್ನೊಂದು ಕಡೆ, 2024ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಆರನ್ ಜಡ್ಜ್ ಏಪ್ರಿಲ್ ಮುಗಿಸಿದಾಗ ಅವರ ಬ್ಯಾಟಿಂಗ್ ಸರಾಸರಿ 0.200ರ ಆಸುಪಾಸಿನಲ್ಲಿತ್ತು, ಸೀಸನ್ ಮುಗಿಸಿದ್ದು 0.322 ಸರಾಸರಿ, 58 ಹೋಮ್ ರನ್‌ಗಳೊಂದಿಗೆ. ನಮ್ಮ ಲೀಗಿನಲ್ಲಿ ಆ ವರ್ಷ ಜಡ್ಜ್ ಇದ್ದದ್ದು ಅತ್ಯಂತ ತಾಳ್ಮೆಯುಳ್ಳವನೆಂದು ಹೆಸರಾದ ಗೆಳೆಯನ ತಂಡದಲ್ಲಿ. ಮೇ ತಿಂಗಳ ಮೊದಲ ದಿನ ಅವನು ಅಂಕಪಟ್ಟಿಯಲ್ಲಿ ಹನ್ನೊಂದನೆಯವನಾಗಿ, ಹೆಸರಿನ ಪಕ್ಕದ ಕೆಂಪು ಬಾಣವನ್ನು ನೋಡಲಾರದೆ, ಜಡ್ಜ್‌ರನ್ನು ಕೊಟ್ಟು ಇಬ್ಬರು ಸಾಧಾರಣ ಪಿಚರ್‌ಗಳನ್ನು ತೆಗೆದುಕೊಂಡ. ಆ ಟ್ರೇಡನ್ನು ಅನುಮೋದಿಸಿದ ಕಮಿಷನರ್, ಅಂದರೆ ಲೀಗಿನ ಮೇಲ್ವಿಚಾರಕ, ನಾನೇ. ತಪ್ಪು ಪುಟದ್ದೆಂದು ಹೇಳುವುದಿಲ್ಲ. ಆದರೆ ಎರಡು ವಾರ ಆ ಬಾಣವನ್ನು ನೋಡದೆ ಇದ್ದಿದ್ದರೆ ಅವನು ಆ ಕೆಲಸ ಮಾಡುತ್ತಿರಲಿಲ್ಲ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು.

ಬಾಣಗಳ ಬದಲು ಈ ಪುಟದಲ್ಲಿ ಬೇಕಾಗಿರುವುದು ಅಂತರದ ಕಾಲಮ್ಮು. ಮುಂದಿನ ಸ್ಥಾನಕ್ಕೆ ಎಷ್ಟು ಹೋಮ್ ರನ್ ಬೇಕು, ಹಿಂದಿನವರಿಂದ ಎಷ್ಟು ದೂರದಲ್ಲಿದ್ದೇವೆ ಎಂಬುದು ಒಂದು ನೋಟಕ್ಕೆ ಕಾಣಬೇಕು. ನನ್ನ 63 ಅಂಕ ಎಷ್ಟು ದುರ್ಬಲ ಅಥವಾ ಎಷ್ಟು ಗಟ್ಟಿ ಎಂಬುದು ಆಗ ಮಾತ್ರ ತಿಳಿಯುತ್ತದೆ. ಅದೇ ರೀತಿ ಆಡಿದ ಪಂದ್ಯಗಳ ಸಂಖ್ಯೆಯೂ ಪಟ್ಟಿಯಲ್ಲಿಯೇ ಇರಬೇಕು. 2025ರಲ್ಲಿ ಡಾಡ್ಜರ್ಸ್ ಮತ್ತು ಕಬ್ಸ್ ತಂಡಗಳು ಮಾರ್ಚ್ 18 ಮತ್ತು 19ರಂದು ಟೋಕಿಯೋದಲ್ಲಿ ಎರಡು ಪಂದ್ಯ ಆಡಿದವು. ಉಳಿದ ತಂಡಗಳ ಸೀಸನ್ ಆರಂಭವಾದದ್ದು 27ರಂದು. ಆ ನಡುವಿನ ಒಂದು ವಾರ ಪೂರ್ತಿ, ಆ ಎರಡು ತಂಡಗಳ ಆಟಗಾರರನ್ನು ಹೊಂದಿದ್ದವರು ಪಟ್ಟಿಯ ಮೇಲೆ ಕುಳಿತಿದ್ದರು, ಒಬ್ಬ ಆಟಗಾರನೂ ಕಣಕ್ಕಿಳಿಯದವರು ಕೆಳಗೆ ರಾಶಿ ಬಿದ್ದಿದ್ದರು. ಲೀಗಿನ ಗುಂಪಿನಲ್ಲಿ ಮೊದಲ ಸ್ಥಾನದ ಸ್ಕ್ರೀನ್‌ಶಾಟ್ ಹಂಚಿಕೊಂಡವನ ತಂಡದಿಂದ ಆಡಿದ್ದವನು ಒಬ್ಬನೇ ಬ್ಯಾಟರ್. ಏಪ್ರಿಲ್‌ನಲ್ಲಿ ಮಳೆ ಮತ್ತು ಚಳಿಯಿಂದ ಪಂದ್ಯಗಳು ಮುಂದಕ್ಕೆ ಹೋಗುವುದೂ ಹೆಚ್ಚು. ಅದರಿಂದ ಒಂದೆರಡು ತಂಡಗಳು ಯಾವಾಗಲೂ ಕೆಲವು ಪಂದ್ಯಗಳಷ್ಟು ಹಿಂದಿರುತ್ತವೆ.

ಹಣ ಕೊಟ್ಟವರಿಗೆ ಮಾತ್ರ ತೆರೆಯುವ ‘ಅಂದಾಜು ಅಂಕಪಟ್ಟಿ’ ಎಂಬ ಸೌಲಭ್ಯ ಈ ಕೊರತೆಯನ್ನು ತುಂಬುತ್ತದೆಂದು ನಂಬಿ ಈ ವರ್ಷ ಚಂದಾ ಕಟ್ಟಿದೆ. ಇದುವರೆಗಿನ ಅಂಕಿಗಳಿಗೆ ಮುಂದಿನ ತಿಂಗಳುಗಳ ಅಂದಾಜನ್ನು ಕೂಡಿಸಿ ಸೆಪ್ಟೆಂಬರಿನ ಪಟ್ಟಿಯನ್ನು ಅದು ತೋರಿಸುತ್ತದೆ. ಕಲ್ಪನೆ ಒಳ್ಳೆಯದು, ಮೂರು ವಾರಗಳ ಗದ್ದಲಕ್ಕೆ ಅದು ಅಷ್ಟಾಗಿ ಸೊಪ್ಪು ಹಾಕುವುದೂ ಇಲ್ಲ. ಆದರೆ ಈಗ ಇರುವ ತಂಡವೇ ಕೊನೆಯವರೆಗೂ ಬದಲಾಗದೆ ಇರುತ್ತದೆ ಎಂದು ಅದು ಭಾವಿಸುತ್ತದೆ; ಗಾಯಾಳುಗಳ ಪಟ್ಟಿಯಲ್ಲಿರುವ ಆಟಗಾರ ಮರಳಿ ಬರುವುದನ್ನಾಗಲಿ, ಪ್ರತಿ ಭಾನುವಾರ ನಾವು ಹೊಸಬರಿಗಾಗಿ ಸಲ್ಲಿಸುವ ಬಿಡ್‌ಗಳನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲಕ್ಕಿಂತ ಕಿರಿಕಿರಿಯ ವಿಷಯವೆಂದರೆ, ಅಂದಾಜನ್ನು 71.5 ಎಂದು ದಶಮಾಂಶದವರೆಗೂ ಹೇಳಿ ‘ಹೆಚ್ಚುಕಡಿಮೆ’ ಎಂಬ ಪದಕ್ಕೆ ಜಾಗವನ್ನೇ ಕೊಡದಿರುವುದು. 65ರಿಂದ 78ರ ನಡುವೆ ಎಂದಿದ್ದರೆ ನಾನು ನಂಬುತ್ತಿದ್ದೆ.

ಒಂದು ನಿಜವಾದ ದೋಷವನ್ನೂ ದಾಖಲಿಸಬೇಕು. ಪಂದ್ಯ ಮುಗಿದ ಮೇಲೆ ಅಧಿಕೃತ ಸ್ಕೋರರ್ ತನ್ನ ತೀರ್ಪನ್ನು ತಿದ್ದಬಹುದು: ಫೀಲ್ಡರ್‌ನ ತಪ್ಪೆಂದು ಬರೆದದ್ದನ್ನು ಹಿಟ್ ಎಂದು ಬದಲಾಯಿಸಿದರೆ, ಅದುವರೆಗೆ ಪಿಚರ್‌ನ ಖಾತೆಗೆ ಸೇರದಿದ್ದ ರನ್‌ಗಳು ಅವನ ಮೇಲೆ ಬೀಳಬಹುದು. ಮೊನ್ನೆ ಹಾಗೆಯೇ ನನ್ನ ಪಿಚರ್‌ನ ಲೆಕ್ಕಕ್ಕೆ ಎರಡು ರನ್ ಸೇರಿ, ಇಆರ್‌ಎ ಮತ್ತು ವಿಪ್ (ಪ್ರತಿ ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ಹಿಟ್ ಮತ್ತು ವಾಕ್‌ಗಳ ಸರಾಸರಿ) ಎರಡರಲ್ಲಿಯೂ ಕೆಳಗಿಳಿದೆ. ತಿದ್ದುಪಡಿ ಸರಿಯೇ. ಆದರೆ ಪುಟ ಅದರ ಬಗ್ಗೆ ಒಂದು ಗುರುತನ್ನೂ ಹಾಕಲಿಲ್ಲ. ಮಲಗುವಾಗ ಐದನೆಯವನಾಗಿದ್ದ ನಾನು ಎದ್ದಾಗ ಏಳನೆಯವನಾಗಿದ್ದೆ, ರಾತ್ರಿ ನನ್ನ ಯಾವ ಆಟಗಾರನೂ ಆಡಿರಲಿಲ್ಲ. ಕಾರಣ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಸಹಾಯ ವಿಭಾಗಕ್ಕೆ ಬರೆದರೆ ನಾಲ್ಕು ದಿನಗಳ ನಂತರ, ‘ಅಂಕಿಅಂಶಗಳು ಬದಲಾಗಬಹುದು’ ಎಂಬ ಸಿದ್ಧ ಉತ್ತರ ಬಂದಿತು.

ಮೊಬೈಲಿನಲ್ಲಿ ಈ ಪುಟ ಇನ್ನೂ ಕಷ್ಟ. ಹತ್ತು ವಿಭಾಗಗಳು ಪರದೆಯ ಅಗಲಕ್ಕೆ ಹಿಡಿಯುವುದಿಲ್ಲ, ಬದಿಗೆ ಸರಿಸಬೇಕು. ಸರಿಸಿದೊಡನೆ ತಂಡಗಳ ಹೆಸರಿನ ಕಾಲಮ್ಮೂ ಜೊತೆಯಲ್ಲೇ ಮರೆಯಾಗುತ್ತದೆ. ಸೇವ್ (ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದ ಪಿಚರ್‌ಗೆ ಸಲ್ಲುವ ಲೆಕ್ಕ) ಕಾಲಮ್ಮಿನಲ್ಲಿ 9 ಎಂಬ ಅಂಕಿ ಕಾಣುತ್ತದೆ, ಅದು ಯಾರದೆಂದು ತಿಳಿಯಲು ಬೆರಳಿನಿಂದ ಆ ಸಾಲನ್ನು ಹಿಡಿದುಕೊಂಡು ಹಿಂದಕ್ಕೆ ಬರಬೇಕು. ನಾನು ಪರದೆಯ ಮೇಲೆ ಒಂದು ವಿಸಿಟಿಂಗ್ ಕಾರ್ಡನ್ನು ಅಡ್ಡ ಹಿಡಿದು ಓದುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಹೆಸರಿನ ಕಾಲಮ್ಮನ್ನು ಇದ್ದಲ್ಲೇ ನಿಲ್ಲಿಸುವುದು ಅಷ್ಟು ಕಷ್ಟದ ಕೆಲಸವೇ?

ಐದರಲ್ಲಿ ಮೂರು ನಕ್ಷತ್ರ. ಲೆಕ್ಕದ ನಿಖರತೆ ಮತ್ತು ವೇಗಕ್ಕೆ ಐದೂ ಕೊಡಬಹುದಿತ್ತು. ಬಾಣಗಳಿಗೆ ಒಂದು, ಮೌನವಾಗಿ ನಡೆಯುವ ತಿದ್ದುಪಡಿಗಳಿಗೆ ಇನ್ನೊಂದು ಕಳೆದಿದ್ದೇನೆ. ಹೊಸದಾಗಿ ಲೀಗು ಕಟ್ಟುವವರು ಈ ಸೇವೆಯನ್ನು ಧಾರಾಳವಾಗಿ ಬಳಸಬಹುದು, ಆದರೆ ಮೊದಲ ವರ್ಷ ಚಂದಾ ಕಟ್ಟುವ ಅಗತ್ಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಸ್ಥಾನ ಬದಲಾವಣೆ ತೋರಿಸು’ ಎಂಬ ಆಯ್ಕೆ ಇದೆ, ಅದನ್ನು ಆಫ್ ಮಾಡಿದರೆ ಬಾಣಗಳು ಹೋಗುತ್ತವೆ. ಕಮಿಷನರ್ ಒಬ್ಬನೇ ಅದನ್ನು ಎಲ್ಲರಿಗೂ ಅನ್ವಯಿಸುವಂತೆ ಮಾಡಬಹುದು. ನಾನು ಮೇ ಕೊನೆಯವರೆಗೆ ಆಫ್ ಮಾಡಿಟ್ಟಿದ್ದೇನೆ. ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಆಗಲೇ ದೂರು ಕೊಟ್ಟಿದ್ದಾರೆ. ದೂರು ಕೊಡದ ಇಬ್ಬರಲ್ಲಿ ಒಬ್ಬ, ಜಡ್ಜ್‌ರನ್ನು ಬಿಟ್ಟುಕೊಟ್ಟವನು.