ಆರ್‌ಎಕ್ಸ್ 100ಕ್ಕೆ ಯಾವ ಕಾರ್ಬೊರೇಟರ್? ಮೂರನ್ನೂ ಹಾಕಿ ಓಡಿಸಿದ ಮೇಲೆ

ಯಮಹಾ ಆರ್‌ಎಕ್ಸ್ 100 ಬೈಕ್ ನಮ್ಮಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಈಗ ಕೈಗೆ ಸಿಗುವ ಗಾಡಿ ಎಷ್ಟೇ ಚೆನ್ನಾಗಿದ್ದರೂ ಹಳೆಯದೇ. ಅದನ್ನು ರೆಡಿ ಮಾಡಿಸಲು ಹೊರಟವರನ್ನು ಮೊದಲು ಕಾಡುವುದು ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್. ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಸ್ಥಿರವಾಗಿ ನಿಲ್ಲುವುದಿಲ್ಲ, ಸೈಡ್ ಸ್ಟ್ಯಾಂಡ್ ಹಾಕಿದರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಅರ್ಧ ಆಕ್ಸಿಲರೇಟರ್‌ನಲ್ಲಿ ಮಿಸ್ಸಿಂಗ್. ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ಒಂದೇ, "ಸುಮ್ನೆ ಹೊಸದು ಹಾಕ್ಬಿಡಿ ಸಾರ್."

ನಾನು ಮೂರು ದಾರಿ ಹಿಡಿದು ನೋಡಿದೆ: ಗಾಡಿಯಲ್ಲೇ ಇದ್ದ ಹಳೆಯದಕ್ಕೆ ರಿಪೇರಿ ಕಿಟ್, ಅಂಗಡಿಯ ಹೊಸ ಡೂಪ್ಲಿಕೇಟ್, ಗುಜರಿಯಲ್ಲಿ ಸಿಕ್ಕ ಒರಿಜಿನಲ್. ಗಾಡಿ ಒಂದೇ, ರಸ್ತೆಯೂ ಒಂದೇ: ತುಮಕೂರಿನಿಂದ ದೇವರಾಯನದುರ್ಗದ ಏರು.

ಅದಕ್ಕೂ ಮೊದಲು ಒಂದು ಮಾತು. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕಾರ್ಬೊರೇಟರ್ ಮೇಲೆ ಬರುವ ಅರ್ಧ ದೂರು ಅದರದ್ದಲ್ಲ. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಒಣಗಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲ್ ಕುಡಿದು ಬಿಳಿ ಹೊಗೆ ಬಿಡುತ್ತದೆ. ಇಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಇಂಜಿನ್‌ಗೆ ಸೇರುವ ರಬ್ಬರಿನ ಸುತ್ತ ಸ್ವಲ್ಪ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಶಬ್ದ ಬದಲಾಯಿತು ಅಂದರೆ ಗಾಳಿ ಸೇರುತ್ತಿರುವುದು ಅಲ್ಲೇ. ಇವೆಲ್ಲ ಸರಿಯಿದ್ದ ಮೇಲೆ ಕಾರ್ಬೊರೇಟರ್ ಬಿಚ್ಚಿ.

ಹಳೆಯದನ್ನು ಬಿಚ್ಚಿದಾಗ ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ಬಿಳಿ ಪುಡಿ, ಗೋಡೆಗೆ ಅಂಟಿದ ಕಂದು ಅಂಟು. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದರೆ ಆ ಕಡೆ ಏನೂ ಕಾಣಲಿಲ್ಲ. ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್‌ನ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದಿತ್ತು. ಪೆಟ್ರೋಲ್ ಸೋರುತ್ತಿದ್ದುದು ಇದರಿಂದಲೇ. ಜೆಟ್‌ಗೆ ತಂತಿ ತೂರಿಸುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ತಪ್ಪುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆದರೆ ಸಾಕು. ಹೊಸ ನೀಡಲ್ ಕೂರಿಸಿದ ಮೇಲೆ ಕಾರ್ಬೊರೇಟರ್ ತಲೆಕೆಳಗೆ ಹಿಡಿದು ಪೆಟ್ರೋಲ್ ಪೈಪಿನಿಂದ ಬಾಯಲ್ಲಿ ಊದಿ ನೋಡಿ. ಗಾಳಿ ಹೋಗಬಾರದು. ಈ ಪರೀಕ್ಷೆಗೆ ಕಾಸೂ ಬೇಡ, ಟೂಲೂ ಬೇಡ.

ಐಡ್ಲಿಂಗ್‌ನ ಗಾಳಿ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿದೆ. ಬಿಸಿಯಾದ ಮೇಲೆ ಐಡ್ಲಿಂಗ್ ಸ್ಥಿರವಾಗಿ ನಿಂತಿತು. ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆತ ಕೂಡ ಸಲೀಸು. ತೊಂದರೆ ಉಳಿದದ್ದು ಆಕ್ಸಿಲರೇಟರ್ ತಿರುಗಿಸಿದಂತೆ ಮೇಲೆ ಕೆಳಗೆ ಆಡುವ ಸ್ಲೈಡಿನಲ್ಲಿ. ಬೆರಳಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಅನ್ನುವಷ್ಟು ಸಡಿಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಕೆಲವೊಮ್ಮೆ ರೇಸ್ ತಡವಾಗಿ ಇಳಿಯುತ್ತಿತ್ತು. ಸವೆದ ಸ್ಲೈಡಿಗೆ ಯಾವ ಕಿಟ್ಟೂ ಮದ್ದಲ್ಲ.

ಡೂಪ್ಲಿಕೇಟ್ ನೋಡಲು ಥಳಥಳ. ಸ್ಲೈಡ್ ಬಿಗಿ, ಸೋರುವುದಿಲ್ಲ, ಒಂದೇ ಕಿಕ್ಕಿಗೆ ಸ್ಟಾರ್ಟ್. ಊರೊಳಗೆ ಓಡಿಸಿದರೆ ಇದೇ ಗೆದ್ದಿತು ಅನ್ನಿಸುತ್ತದೆ. ಏರು ಸಿಕ್ಕಿದಾಗ ಬಣ್ಣ ಬಯಲಾಯಿತು. ಅರ್ಧ ಆಕ್ಸಿಲರೇಟರ್‌ನಲ್ಲಿ ಬುರುಬುರು, ಪೂರ್ತಿ ತಿರುಗಿಸಿದರೆ ಶಬ್ದ ಏರುತ್ತದೆ, ಎಳೆತ ಇಲ್ಲ. ಪೂರ್ತಿ ಆಕ್ಸಿಲರೇಟರ್‌ನಲ್ಲೇ ಕ್ಲಚ್ ಹಿಡಿದು, ಕೀ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸುಣ್ಣ ಬಳಿದಂತೆ ಬೆಳ್ಳಗಿತ್ತು. ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಹೀಗೇ ಓಡಿಸಿದರೆ ಪಿಸ್ಟನ್ ಜಾಮ್ ಆಗುವುದು ಗ್ಯಾರಂಟಿ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಪೆಟ್ರೋಲ್ ಕೊಡುವ ಮೇನ್ ಜೆಟ್ ಮೇಲಿನ ನಂಬರ್ ಹಳೆಯದರದ್ದೇ. ಆದರೆ ಎರಡನ್ನೂ ಪಕ್ಕಪಕ್ಕ ಬೆಳಕಿಗೆ ಹಿಡಿದರೆ ತೂತು ಒಂದೇ ಅಳತೆಯಲ್ಲ.

ಗುಜರಿಯ ಒರಿಜಿನಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೃಷ್ಟದ ಆಟ. ನನಗೆ ಸಿಕ್ಕಿದ್ದರ ಸ್ಲೈಡ್ ಪರವಾಗಿಲ್ಲ, ಏರ್ ಸ್ಕ್ರೂ ಮಾತ್ರ ಯಾರೋ ಬಿಗಿದು ಬಿಗಿದು ಅದರ ಕೂರುವ ಜಾಗವೇ ಹಾಳಾಗಿತ್ತು. ಹೇಗೆ ತಿರುಗಿಸಿದರೂ ಐಡ್ಲಿಂಗ್‌ನಲ್ಲಿ ಬದಲಾವಣೆಯೇ ಇಲ್ಲ. ಕೊಳ್ಳುವುದಿದ್ದರೆ ಅಂಗಡಿಯಲ್ಲೇ ಸ್ಲೈಡ್ ಅಲ್ಲಾಡಿಸಿ, ಆ ಸ್ಕ್ರೂ ಬಿಚ್ಚಿ ತುದಿ ನೋಡಿ. ಬಿಚ್ಚಲು ಬಿಡದಿದ್ದರೆ ವಾಪಸ್ ಬನ್ನಿ.

ಕೊನೆಗೆ ನನ್ನ ಗಾಡಿಯಲ್ಲಿ ಉಳಿದದ್ದು ಬೆರಕೆ: ಡೂಪ್ಲಿಕೇಟಿನ ಬಾಡಿ ಮತ್ತು ಸ್ಲೈಡ್, ಹಳೆಯದರ ಜೆಟ್‌ಗಳು, ಹಳೆಯದರ ಜೆಟ್ ನೀಡಲ್ (ಸ್ಲೈಡಿನ ಜೊತೆ ಏರಿಳಿಯುವ ಸೂಜಿ). ಎಲ್ಲ ಡೂಪ್ಲಿಕೇಟಿಗೂ ಒರಿಜಿನಲ್ ಜೆಟ್ ಕೂರುತ್ತದೆ ಎಂದಲ್ಲ, ಮರೆ (ಥ್ರೆಡ್) ಅಳತೆ ನೋಡಿಯೇ ತನ್ನಿ. ನೀಡಲ್ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿದೆ, ಅಂದರೆ ನೀಡಲ್ ಒಂದು ಗೆರೆ ಮೇಲೇರಿತು, ಪೆಟ್ರೋಲ್ ಸ್ವಲ್ಪ ಜಾಸ್ತಿ ಬರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕಾಗುತ್ತದೆ. ಹಳೇ ಸೆಟ್ಟಿಂಗ್‌ಗೆ ಆ ಲೆಕ್ಕ ಗೊತ್ತಿಲ್ಲ. ಪ್ಲಗ್ ಈಗ ಕಾಫಿ ಬಣ್ಣಕ್ಕೆ ಬಂದಿದೆ, ಬೇಕಾದ್ದು ಅದೇ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ತುಂಬ ದಿನ ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕಿನ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನಲ್ಲಿರುವ ಪೆಟ್ರೋಲ್ ಖಾಲಿಯಾಗುವವರೆಗೆ ಓಡಿಸಿ.

ಹಳೆಯದರ ಸ್ಲೈಡ್ ಗಟ್ಟಿ ಇದ್ದಿದ್ದರೆ ಈ ಬೆರಕೆಯ ಗೋಜೇ ಬೇಕಿರಲಿಲ್ಲ, ಕಿಟ್ ಹಾಕಿ ಸುಮ್ಮನಾಗುತ್ತಿದ್ದೆ. ದೊಡ್ಡ ಕಾರ್ಬೊರೇಟರ್ ಹಾಕಿಸಿ ಅನ್ನುವವರೂ ಸಿಕ್ಕರು. 98 ಸಿಸಿ ಗಾಡಿಗೆ, ಅದೂ ಸಂತೆಗೆ ಹೋಗಿಬರಲು? ಅದನ್ನು ನಾನು ಹಾಕಿ ನೋಡಲೇ ಇಲ್ಲ.