ಆನ್‌ಲೈನಲ್ಲಿ ಆರ್‌ಪಿಜಿ ಆಡುವವರೇ, ಚಂದಾ ಕಟ್ಟುವ ಮೊದಲು ಇದನ್ನು ಓದಿ

ನಾವು ಐದು ಜನ. ಮೊದಲು ಕದ್ರಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದೆವು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುತ್ತಾರೆ, ಇಂಥ ಆಟಕ್ಕೇ ಆರ್‌ಪಿಜಿ ಎನ್ನುವುದು. ಇಬ್ಬರು ದುಬೈಗೆ ಹೋದರು, ಒಬ್ಬ ಮಣಿಪಾಲ ಸೇರಿದ. ಆಟ ಆನ್‌ಲೈನಿಗೆ ಬಂತು. ಆಟ ನಡೆಸುವವನು ನಾನೇ ಆದ್ದರಿಂದ ಸಾಫ್ಟ್‌ವೇರ್ ಹುಡುಕುವ ತಲೆನೋವೂ ನನ್ನದೇ.

ನಾನು ನೋಡಿದ್ದು ಚಂದ ಮಾತ್ರ. ಗೋಡೆಯ ಆಚೆ ಇರುವುದು ಆಟಗಾರರಿಗೆ ಕಾಣದ ಹಾಗೆ ಬೆಳಕು, ಮ್ಯಾಪಿನ ಮೇಲೆ ಸುರಿಯುವ ಮಳೆ, ಉರುಳುವ 20 ಮುಖದ ದಾಳ. ಮರುಳಾಗಿ ಒಂದು ವಿದೇಶಿ ಸೈಟಿಗೆ ವರ್ಷದ ಚಂದಾ ಕಟ್ಟಿದೆ. ಮೇಲಿಂದ ರಾಕ್ಷಸರ ಪ್ಯಾಕ್ ಬೇರೆ ಕೊಂಡೆ. ಈ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳು, ರಾಕ್ಷಸರ ವಿವರ ಸಮೇತ, 2023ರಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಕೊಂಡದ್ದರಲ್ಲಿ ಮುಕ್ಕಾಲು ಪಾಲು ಅದೇ ಎಂದು ಆಮೇಲೆ ಗೊತ್ತಾಯಿತು!

ಕಥೆ ಮಾತ್ರ ನಮ್ಮದೇ. ಪೋರ್ಚುಗೀಸರ ಕಾಲದ ಉಳ್ಳಾಲ, ನೇತ್ರಾವತಿಯ ಅಳಿವೆ, ಕಾಳುಮೆಣಸು ತುಂಬಿದ ಹಡಗು. ಮ್ಯಾಪುಗಳನ್ನೆಲ್ಲ ನಾನೇ ಬಿಡಿಸಿದ್ದೆ. ಟಿಪ್ಪಣಿಯೆಲ್ಲ ಕನ್ನಡದಲ್ಲಿ, ಆ ಸೈಟಿನ ಒಳಗೇ.

ವರ್ಷ ಮುಗಿಯಿತು. ಚಂದಾ ತಾನಾಗಿ ಮುಂದುವರಿಯುತ್ತದೆ ಎಂದು ನಾನು ಸುಮ್ನೆ ಇದ್ದೆ. ಆದರೆ 2021ರ ಅಕ್ಟೋಬರ್‌ನಿಂದ ನಮ್ಮ ಕಾರ್ಡುಗಳಲ್ಲಿ ಇ-ಮ್ಯಾಂಡೇಟ್ (ಬ್ಯಾಂಕಿಗೆ ಮೊದಲೇ ಕೊಟ್ಟ ಒಪ್ಪಿಗೆ) ಇಲ್ಲದೆ ಹೀಗೆ ದುಡ್ಡು ಕಡಿತ ಆಗುವುದಿಲ್ಲ. ಆ ವಿದೇಶಿ ಕಂಪನಿಗೆ ಆ ವ್ಯವಸ್ಥೆಯೇ ಇರಲಿಲ್ಲ. ಅವರ ಮೇಲ್ ಬಂದದ್ದು ಪ್ರಮೋಷನ್ಸ್ ಕಡೆಗೆ, ನಾನು ನೋಡಲೇ ಇಲ್ಲ. ಆಗ ಜುಲೈ ಮಳೆ, ದಿನಾ ಕರೆಂಟ್ ಹೋಗುತ್ತಿತ್ತು, ಒಂದು ತಿಂಗಳು ನಾವು ಆಡಿಯೂ ಇರಲಿಲ್ಲ. ತೆರೆದು ನೋಡಿದರೆ ಪುಕ್ಕಟೆ ಖಾತೆಯ ಮಿತಿ ಮೀರಿದ ಫೈಲುಗಳನ್ನೆಲ್ಲ ಅಳಿಸಿದ್ದರು. ಮ್ಯಾಪುಗಳೇ ಭಾರದ ಫೈಲುಗಳು, ಹೋದದ್ದೂ ಅವೇ.

ಟಿಪ್ಪಣಿಯಾದರೂ ಉಳಿದಿದೆಯಲ್ಲ ಎಂದು ಹೊರತೆಗೆಯಲು ಹೋದೆ. ಪಿಡಿಎಫ್ ಬಿಟ್ಟರೆ ಬೇರೆ ದಾರಿ ಇಲ್ಲ. ಪಿಡಿಎಫ್ ತೆರೆದರೆ ಕನ್ನಡ ಇದ್ದಲ್ಲೆಲ್ಲ ಸಾಲು ಸಾಲು ಚೌಕ ಡಬ್ಬಿ, ಮಾರಾಯ್ರೆ. ಒತ್ತಕ್ಷರ ಬಿಡಿ, ಒಂದು 'ಅ' ಕೂಡ ಇಲ್ಲ. ಕೊನೆಗೆ ಒಂದೊಂದೇ ಪುಟ ಕಾಪಿ ಮಾಡಿ ತೆಗೆದೆ. ಮೂರು ರಾತ್ರಿ ಹಿಡಿಯಿತು. ರಾಕ್ಷಸರ ಪ್ಯಾಕ್ ಅಲ್ಲೇ ಉಳಿಯಿತು, ಬೇರೆ ಕಡೆಗೆ ಒಯ್ಯುವ ಹಾಗಿಲ್ಲ.

ನೀವು ದುಡ್ಡು ಕಟ್ಟುವ ಮೊದಲು ಕನ್ನಡದಲ್ಲಿ ಎರಡು ಸಾಲು ಬರೆದು, ಒಂದು ಮ್ಯಾಪ್ ಹಾಕಿ, ಎರಡನ್ನೂ ಹೊರಗೆ ತೆಗೆದು ನೋಡಿ. ಹತ್ತು ನಿಮಿಷದ ಕೆಲಸ.

ಈಗ ಫೌಂಡ್ರಿ ಎಂಬ ಬೇರೆ ಸಾಫ್ಟ್‌ವೇರಿಗೆ ಬಂದಿದ್ದೇವೆ. ಒಂದೇ ಸಲ ದುಡ್ಡು, ಅದೂ ಆಟ ನಡೆಸುವವನು ಮಾತ್ರ ಕೊಡಬೇಕು. ಫೈಲುಗಳೆಲ್ಲ ನನ್ನ ಕಂಪ್ಯೂಟರಿನಲ್ಲೇ. ಹಾಗಂತ ಸುಲಭ ಅಲ್ಲ. ಗೆಳೆಯರು ಇಂಟರ್ನೆಟ್ಟಿನ ಮೂಲಕ ನನ್ನ ಕಂಪ್ಯೂಟರಿಗೇ ಬಂದು ಸೇರಬೇಕು. ಮನೆಯ ಇಂಟರ್ನೆಟ್ಟಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನವರು ನೇರ ತಲುಪುವ ವಿಳಾಸ) ಇಲ್ಲದಿದ್ದರೆ ರೌಟರಿನಲ್ಲಿ ಅವರಿಗೆ ದಾರಿ ಬಿಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿಯೂ ಉಪಯೋಗ ಇಲ್ಲ. ನನಗೆ ಇರಲಿಲ್ಲ, ತಿಂಗಳಿಗಿಷ್ಟು ಕೊಟ್ಟು ಸರ್ವರ್ ಬಾಡಿಗೆಗೆ ಹಿಡಿದೆ. ಆಟದ ದಿನ ಅಪ್‌ಡೇಟ್ ಒತ್ತಬೇಡಿ, ಮೇಲಿಂದ ಸೇರಿಸಿಕೊಂಡ ಹಳೆಯ ಮಾಡ್ಯೂಲ್‌ಗಳು ಕೈಕೊಡುತ್ತವೆ. ಬರೀ ಮ್ಯಾಪ್, ಅದರ ಮೇಲೆ ಪಾತ್ರಗಳ ಗುರುತಿಗೆ ಟೋಕನ್ ಸಾಕು ಎನ್ನುವವರಿಗೆ ಇಷ್ಟೆಲ್ಲ ಯಾಕೆ? ಬ್ರೌಸರಿನಲ್ಲೇ ನಡೆಯುವ ಔಲ್‌ಬೇರ್ ರೋಡಿಯೋ ಧಾರಾಳ ಆಯಿತು.

ದುಬೈಯ ಗೆಳೆಯನ ಫೋನಿನಲ್ಲಿ ಹಳೆಯ ಆಟದ ಕೆಲವು ಸ್ಕ್ರೀನ್‌ಶಾಟ್ ಸಿಕ್ಕಿವೆ. ಅದನ್ನು ನೋಡಿಕೊಂಡು ಮ್ಯಾಪನ್ನು ಮತ್ತೆ ಬಿಡಿಸುತ್ತಿದ್ದೇನೆ. ಉಳ್ಳಾಲದ ಕೋಟೆಯ ತೆಂಕು ಗೋಡೆ ಮಾತ್ರ ಯಾವ ಚಿತ್ರದಲ್ಲೂ ಇಲ್ಲ. ಅಲ್ಲಿ ಒಂದು ಕಳ್ಳ ಬಾಗಿಲು ಇಟ್ಟಿದ್ದೆ, ಎಲ್ಲಿ ಅಂತ ನನಗೇ ಮರೆತುಹೋಗಿದೆ.